ಬೆಕ್ಕು ನಿಧಾನವಾಗಲಿಲ್ಲ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಧಾರವಾಡದಿಂದ ಪುಣೆಗೆ ಬಂದಿದ್ದ. ನಮ್ಮ ಮನೆ ಇರುವುದು ಕೊಂಢವಾದಲ್ಲಿ, ಖಡಿ ಮಷೀನ್ ಚೌಕದಿಂದ ಸ್ವಲ್ಪ ಒಳಗೆ. ಮಧ್ಯಾಹ್ನ ಹನ್ನೆರಡು ದಾಟಿದರೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ಕೆಳಗೆ ನೀರಿನ ಟ್ಯಾಂಕರ್‌ಗಳ ಸದ್ದು, ಒಳಗೆ ಫ್ಯಾನಿನ ಸದ್ದು. ಹುಡುಗ ನನ್ನ ಹಳೆಯ ಲ್ಯಾಪ್‌ಟಾಪ್ ಹಿಡಿದು ಪೋಕೆಮಾನ್ ಕಾಳಗ ಆಡುತ್ತ ಕೂತಿರುತ್ತಿದ್ದ. ಒಂದು ದಿನ ಕೋಣೆಯಿಂದಲೇ ಕೂಗಿದ: “ಮಾಮಾ, ಈ ಬೆಕ್ಕನ್ನ ಯಾಕ ತಗೊಂಡಿ ಅಂತ ಎದುರಿನಾಂವ ನಗಾಕತ್ತಾನ ನೋಡು.”

ಹೋಗಿ ನೋಡಿದೆ. ಅವನು ಆಡುತ್ತಿದ್ದದ್ದು ಈಗಿನ ಆಟವಲ್ಲ, 1996ರ ಮೊದಲ ಪೀಳಿಗೆಯ ನಿಯಮದ ಆಟ. ಅಂತರಜಾಲದಲ್ಲಿ ಈ ಕಾಳಗವನ್ನು ಆಡಿಸುವ ಪೋಕೆಮಾನ್ ಶೋಡೌನ್ ಎಂಬ ಸಿಮ್ಯುಲೇಟರ್ ಇದೆ, ಅದರಲ್ಲಿ ಬೇಕಾದ ಕಾಲದ ನಿಯಮ ಆರಿಸಿಕೊಳ್ಳಬಹುದು. ಆರು ಪ್ರಾಣಿಗಳ ಅವನ ತಂಡದಲ್ಲಿ ಐದು ಎಲ್ಲರೂ ಇಟ್ಟುಕೊಳ್ಳುವಂಥವು: ಟಾರೋಸ್, ಚಾನ್ಸಿ, ಸ್ನೋರ್ಲಾಕ್ಸ್, ಅಲಕಜಾಮ್, ಎಕ್ಸೆಗ್ಯೂಟರ್. ಆರನೆಯದು ಪರ್ಷಿಯನ್. ಟಿವಿಯಲ್ಲಿ ಪೋಕೆಮಾನ್ ನೋಡಿದವರಿಗೆ ನೆನಪಿರಬಹುದು, ಟೀಮ್ ರಾಕೆಟ್‌ನ ಯಜಮಾನ ಪಕ್ಕದಲ್ಲಿ ಕೂರಿಸಿಕೊಂಡು ತಲೆ ಸವರುತ್ತಾನಲ್ಲ, ಆ ಕೆನೆಬಣ್ಣದ ಬೆಕ್ಕು.

“ಯಾರು ಹೇಳಿದ್ರು ಇದನ್ನ ತಗೋ ಅಂತ?” ಎಂದೆ.

“ಯಾರೂ ಇಲ್ಲ. ನನಗ ಛಲೋ ಅನಿಸ್ತು.”

ಇಪ್ಪತ್ತು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಹಾಸ್ಟೆಲಿನಲ್ಲಿ ಇದೇ ಬೆಕ್ಕಿನ ಬಗ್ಗೆ ನಾನೂ ಇದೇ ಉತ್ತರ ಕೊಟ್ಟಿದ್ದೆ. ಆ ಬೆಕ್ಕು ಯಾಕೆ ಗೆಲ್ಲುತ್ತಿತ್ತು, ಆಮೇಲೆ ಯಾಕೆ ಸೋತಿತು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಈ ವಾರದ ಪ್ರಬಂಧ ಅದರ ಕಥೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು

ಪೋಕೆಮಾನ್ ರೆಡ್ ಮತ್ತು ಗ್ರೀನ್ ಎಂಬ ಎರಡು ಆಟಗಳು ಜಪಾನಿನಲ್ಲಿ 1996ರ ಫೆಬ್ರವರಿ 27ರಂದು ಬಿಡುಗಡೆಯಾದವು. ಮಾಡಿದ್ದು ಗೇಮ್ ಫ್ರೀಕ್ ಎಂಬ ಸಣ್ಣ ಸಂಸ್ಥೆ, ಓಡುತ್ತಿದ್ದದ್ದು ನಿಂಟೆಂಡೊದ ಕೈಯಲ್ಲಿ ಹಿಡಿಯುವ ಗೇಮ್ ಬಾಯ್ ಯಂತ್ರದಲ್ಲಿ. ಸಂಸ್ಥೆಯ ಸತೋಷಿ ತಾಜಿರಿ ಚಿಕ್ಕಂದಿನಲ್ಲಿ ಹುಳಹುಪ್ಪಟೆ ಹಿಡಿದು ಕೂಡಿಡುತ್ತಿದ್ದವರು. ಆ ಸಂತೋಷವನ್ನೇ ಆಟಕ್ಕೆ ತಂದರು. ಒಟ್ಟು 151 ಪ್ರಾಣಿಗಳು. ಹಿಡಿಯಬೇಕು, ಸಾಕಬೇಕು, ಎರಡು ಯಂತ್ರಗಳ ನಡುವೆ ಒಂದು ಕೇಬಲ್ ಹಾಕಿ ಗೆಳೆಯರೊಡನೆ ಅದಲುಬದಲು ಮಾಡಿಕೊಳ್ಳಬೇಕು, ಇಲ್ಲವೇ ಕಾಳಗಕ್ಕೆ ಬಿಡಬೇಕು. 1998ರ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ರೆಡ್ ಮತ್ತು ಬ್ಲೂ ಎಂಬ ಹೆಸರಿನಲ್ಲಿ ಹೋಯಿತು.

ಕಾಳಗ ಸರದಿಯ ಮೇಲೆ ನಡೆಯುತ್ತದೆ. ಎರಡೂ ಕಡೆಯವರು ಒಂದೊಂದು ಪಟ್ಟನ್ನು ಗುಟ್ಟಾಗಿ ಆರಿಸುತ್ತಾರೆ. ಯಾರ ಪ್ರಾಣಿಯ ವೇಗ ಹೆಚ್ಚೋ ಅದು ಮೊದಲು ಹೊಡೆಯುತ್ತದೆ. ಮೊದಲ ಹೊಡೆತಕ್ಕೆ ಎದುರಾಳಿ ಬಿದ್ದುಬಿಟ್ಟರೆ ಅದಕ್ಕೆ ತಿರುಗಿ ಹೊಡೆಯುವ ಅವಕಾಶವೇ ಇಲ್ಲ. ಆದ್ದರಿಂದ ವೇಗದ ಅಂಕಿಯಲ್ಲಿ ಐದರ ವ್ಯತ್ಯಾಸವೂ ದೊಡ್ಡದು. ಪರ್ಷಿಯನ್‌ನ ವೇಗ 115, ಟಾರೋಸ್‌ನದು 110. ಎರಡಕ್ಕೂ ಸಮಾನ ಸಾಕಣೆ ಸಿಕ್ಕಿದ್ದರೆ ಬೆಕ್ಕು ಪ್ರತಿ ಸಲವೂ ಹೋರಿಗಿಂತ ಮೊದಲು ಹಾರುತ್ತದೆ.

ಆದರೆ ವೇಗ ಒಂದರಿಂದಲೇ ಕೆಲಸ ಆಗುವುದಿಲ್ಲ. ಆ ಪೀಳಿಗೆಯಲ್ಲಿ ಎಲ್ಲಕ್ಕಿಂತ ವೇಗದ ಪ್ರಾಣಿ ಎಲೆಕ್ಟ್ರೋಡ್, ಅದರ ವೇಗ 140. ಅದನ್ನು ತಂಡಕ್ಕೆ ತೆಗೆದುಕೊಳ್ಳುವವರು ಬೆರಳೆಣಿಕೆಯಷ್ಟು, ಯಾಕೆಂದರೆ ಅದರ ಹೊಡೆತದಲ್ಲಿ ಬಲವಿಲ್ಲ. ಪರ್ಷಿಯನ್‌ಗೂ ಅದೇ ಕೊರತೆ ಇದ್ದಂತೆ ಕಾಣುತ್ತದೆ. ಟಾರೋಸ್‌ನ ದಾಳಿಯ ಅಂಕಿ 100 ಇದ್ದರೆ ಬೆಕ್ಕಿನದು 70. ಮೈಯೂ ಗಟ್ಟಿಯಲ್ಲ. ಪಟ್ಟಿ ನೋಡಿ ತಂಡ ಕಟ್ಟುವವನು ಅದನ್ನು ಬಿಟ್ಟು ಮುಂದೆ ಹೋಗುತ್ತಾನೆ. ಎದುರಿನವನು ನಕ್ಕದ್ದೂ ಅದಕ್ಕೇ.

ಒಂದು ಸೂತ್ರ, ಎರಡು ಸಂಬಳ

ಬೆಕ್ಕಿನ ಗುಟ್ಟು ಪಟ್ಟಿಯಲ್ಲಿರಲಿಲ್ಲ, ಆಟದ ಸೂತ್ರದೊಳಗೆ ಇತ್ತು.

ಕಾಳಗದಲ್ಲಿ ಆಗಾಗ ಒಂದು ಹೊಡೆತ ಮರ್ಮಕ್ಕೆ ತಾಗಿ ಪೆಟ್ಟು ಹೆಚ್ಚಾಗುತ್ತದೆ. ಆಟಗಾರರು ಇದನ್ನು ಕ್ರಿಟಿಕಲ್ ಹಿಟ್ ಅಥವಾ ಬರೀ ಕ್ರಿಟ್ ಎನ್ನುತ್ತಾರೆ. ಈಗಿನ ಆಟಗಳಲ್ಲಿ ಇದು ಎಲ್ಲ ಪ್ರಾಣಿಗಳಿಗೂ ಒಂದೇ ಪ್ರಮಾಣದ ಅದೃಷ್ಟ. ಮೊದಲ ಪೀಳಿಗೆಯಲ್ಲಿ ಹಾಗಿರಲಿಲ್ಲ. ಅಲ್ಲಿ ಕ್ರಿಟ್ ಬೀಳುವ ಸಾಧ್ಯತೆ ಆ ಜಾತಿಯ ಪ್ರಾಣಿಯ ಮೂಲ ವೇಗಕ್ಕೆ ಕಟ್ಟುಬಿದ್ದಿತ್ತು. ಮೂಲ ವೇಗದ ಅರ್ಧ ತೆಗೆದುಕೊಳ್ಳಿ. ಯಂತ್ರ 0ರಿಂದ 255ರವರೆಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಎತ್ತುತ್ತದೆ. ಆ ಸಂಖ್ಯೆ ನಿಮ್ಮ ಅರ್ಧಕ್ಕಿಂತ ಕಡಿಮೆ ಇದ್ದರೆ ಕ್ರಿಟ್. ವೇಗ 30 ಇರುವ ಸ್ನೋರ್ಲಾಕ್ಸ್‌ಗೆ 256ರಲ್ಲಿ 15 ಅವಕಾಶ, ಅಂದರೆ ಶೇಕಡಾ 6ರ ಆಸುಪಾಸು. ಬೆಕ್ಕಿಗೆ 256ರಲ್ಲಿ 57, ಶೇಕಡಾ 22. ವೇಗದ ಪ್ರಾಣಿ ಮೊದಲೂ ಹೊಡೆಯುತ್ತದೆ, ಹೆಚ್ಚು ಸಲ ಮರ್ಮಕ್ಕೂ ಹೊಡೆಯುತ್ತದೆ. ಒಂದೇ ಗುಣಕ್ಕೆ ಎರಡು ಸಂಬಳ.

ಇನ್ನು ಕೆಲವು ಪಟ್ಟುಗಳಿಗೆ ಕ್ರಿಟ್ ಸುಲಭವಾಗಿ ಬೀಳುವ ಗುಣವಿತ್ತು. ಸ್ಲ್ಯಾಶ್ ಅಂಥದ್ದು. ಅದನ್ನು ಬಳಸಿದಾಗ ಆ ಅರ್ಧವನ್ನು ಎಂಟರಿಂದ ಗುಣಿಸಬೇಕು. 57 ಎಂಟಲೆ 456. ಆದರೆ ಗೇಮ್ ಬಾಯ್ ಈ ಲೆಕ್ಕವನ್ನು ಒಂದೇ ಬೈಟ್‌ನಲ್ಲಿ ಇಡುತ್ತಿತ್ತು, ಬೈಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 255. ಹಾಗಾಗಿ 456 ಹೋಗಿ 255ಕ್ಕೆ ನಿಲ್ಲುತ್ತದೆ. ಎತ್ತಿದ ಸಂಖ್ಯೆ 255ಕ್ಕಿಂತ ಕಡಿಮೆ ಇರಬೇಕು ಅಷ್ಟೆ. 256 ಚೀಟಿಗಳಲ್ಲಿ 255 ಗೆಲ್ಲುವ ಚೀಟಿಗಳು. ಶೇಕಡಾ 99.6. ಬೆಕ್ಕು ಸ್ಲ್ಯಾಶ್ ಮಾಡಿದರೆ ಅದು ಕ್ರಿಟ್ ಆಗಿಯೇ ಆಗುತ್ತದೆ ಎಂದುಕೊಂಡು ಆಡಬಹುದಿತ್ತು.

ಅದರ ಲಾಭ ಎಷ್ಟು? ಸ್ಲ್ಯಾಶ್‌ನ ಬಲ 70. ಮೊದಲ ಪೀಳಿಗೆಯಲ್ಲಿ ಕ್ರಿಟ್ ಬಿದ್ದರೆ ಸೂತ್ರದಲ್ಲಿ ಹೊಡೆಯುವ ಪ್ರಾಣಿಯ ಲೆವೆಲ್ ಇಮ್ಮಡಿಯಾಗುತ್ತಿತ್ತು, ಪೆಟ್ಟು ಸುಮಾರು ಎರಡು ಪಟ್ಟು ಆಗುತ್ತಿತ್ತು. ಅಂದರೆ ಕಾಗದದ ಮೇಲಿನ 70 ಅಂಗಳದಲ್ಲಿ 140ರ ಹತ್ತಿರ. ಬೆಕ್ಕೂ ಸ್ಲ್ಯಾಶೂ ಎರಡೂ ನಾರ್ಮಲ್ ವರ್ಗದವಾದ್ದರಿಂದ ಅದರ ಮೇಲೆ ಒಂದೂವರೆ ಪಟ್ಟಿನ ಲಾಭ ಬೇರೆ. ಟಾರೋಸ್‌ನ ದಿನನಿತ್ಯದ ಆಯುಧ ಬಾಡಿ ಸ್ಲ್ಯಾಮ್, ಅದರ ಬಲ 85. ಅದಕ್ಕೂ ಒಂದೂವರೆ ಪಟ್ಟಿನ ಲಾಭ ಇದೆ, ದಾಳಿಯ ಅಂಕಿಯೂ ಹೆಚ್ಚು. ಆದರೂ ಎರಡನ್ನೂ ಗುಣಿಸಿ ನೋಡಿದರೆ ಬೆಕ್ಕಿನ ಮಾಮೂಲಿ ಸ್ಲ್ಯಾಶ್ ಹೋರಿಯ ಮಾಮೂಲಿ ಹೊಡೆತಕ್ಕಿಂತ ಒಂದು ತೂಕ ಮೇಲೆಯೇ ನಿಲ್ಲುತ್ತದೆ.

ಇನ್ನೂ ಎರಡು ಸೂಕ್ಷ್ಮಗಳಿವೆ. ಚಾನ್ಸಿಯಂಥವು ರಿಫ್ಲೆಕ್ಟ್ ಎಂಬ ಗುರಾಣಿ ಹಾಕಿಕೊಂಡು ರಕ್ಷಣೆ ಇಮ್ಮಡಿ ಮಾಡಿಕೊಳ್ಳುತ್ತವೆ. ಆದರೆ ಆ ಪೀಳಿಗೆಯ ಕ್ರಿಟ್ ಈ ಗುರಾಣಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ರತಿ ಹೊಡೆತವೂ ಕ್ರಿಟ್ ಆಗುವ ಪ್ರಾಣಿಗೆ ರಿಫ್ಲೆಕ್ಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡನೆಯದು, ಪಾರ್ಶ್ವವಾಯು ಬಡಿದ ಪ್ರಾಣಿಯ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ಕ್ರಿಟ್‌ನ ಸೂತ್ರ ನೋಡುವುದು ಮಾತ್ರ ಜಾತಿಯ ಮೂಲ ವೇಗವನ್ನು. ಹಾಗಾಗಿ ಕಾಲೆಳೆಯುವ ಬೆಕ್ಕು ತಡವಾಗಿ ಹೊಡೆದರೂ ಮರ್ಮಕ್ಕೇ ಹೊಡೆಯುತ್ತದೆ.

ಇದ್ಯಾವುದೂ ಆಟದ ಜೊತೆ ಬರುವ ಪುಸ್ತಿಕೆಯಲ್ಲಿ ಇರಲಿಲ್ಲ. ನಿಯಮ ಇದ್ದದ್ದು ಪ್ರೋಗ್ರಾಮಿನೊಳಗೆ. ತಯಾರಕರ ಕಡೆಯೂ ಪರಿಸ್ಥಿತಿ ಬಹಳ ಬೇರೆ ಇರಲಿಲ್ಲ. ಇದೇ ಕಾಳಗವನ್ನು ನಿಂಟೆಂಡೊ 64 ಯಂತ್ರಕ್ಕೆ ತರುವಾಗ, ಆಗ ಹಾಲ್ ಲ್ಯಾಬೊರೇಟರಿಯ ಮುಖ್ಯಸ್ಥರಾಗಿದ್ದ ಸತೊರು ಇವಾಟ ಮೂಲ ಪ್ರೋಗ್ರಾಮನ್ನು ತಾವೇ ಕೂತು ಓದಿ ಅರ್ಥಮಾಡಿಕೊಂಡು, ಒಂದೇ ವಾರದಲ್ಲಿ ಹೊಸ ಯಂತ್ರಕ್ಕೆ ಇಳಿಸಿದರು ಎಂದು ಗೇಮ್ ಫ್ರೀಕ್‌ನ ಶಿಗೆಕಿ ಮೊರಿಮೊಟೊ ಮುಂದೆ ಬೆರಗಿನಿಂದ ನೆನೆದಿದ್ದಾರೆ. ಮುಂದೆ ಇವಾಟ ನಿಂಟೆಂಡೊದ ಅಧ್ಯಕ್ಷರೇ ಆದರು. ಆ ಪ್ರೋಗ್ರಾಮಿನಲ್ಲಿ ತಪ್ಪುಗಳೂ ಇದ್ದವು. ಫೋಕಸ್ ಎನರ್ಜಿ ಎಂಬ ಪಟ್ಟು ಕ್ರಿಟ್‌ನ ಸಾಧ್ಯತೆಯನ್ನು ಹೆಚ್ಚಿಸಬೇಕಿತ್ತು. ಲೆಕ್ಕ ತಿರುಗಾಮುರುಗಾ ಆಗಿ ಕಾಲುಭಾಗಕ್ಕೆ ಇಳಿಸುತ್ತಿತ್ತು. ಎಷ್ಟೋ ಮಕ್ಕಳು ಅದನ್ನು ನಂಬಿ ಬಳಸಿ ಸೋತಿರಬೇಕು.

ಹಾಸ್ಟೆಲಿನ ಎರಡು ಕಿಟಕಿಗಳು

ಭಾರತದಲ್ಲಿ ನನ್ನ ವಾರಗೆಯವರಿಗೆ ಪೋಕೆಮಾನ್ ಬಂದದ್ದು ಟಿವಿಯಿಂದ. 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಅದನ್ನು ಹಿಂದಿಯಲ್ಲಿ ತೋರಿಸತೊಡಗಿತು. ಗೇಮ್ ಬಾಯ್ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾವು ಇಂಜಿನಿಯರಿಂಗ್ ಓದುತ್ತಿದ್ದ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಒಬ್ಬನ ಹತ್ತಿರ ಕಂಪ್ಯೂಟರ್ ಇತ್ತು. ಅದರಲ್ಲಿ ಒಂದು ಎಮ್ಯುಲೇಟರ್, ಪರದೆಯ ಮೇಲೆ ಪಕ್ಕಪಕ್ಕ ಎರಡು ಗೇಮ್ ಬಾಯ್ ಕಿಟಕಿಗಳು. ಎಡಗಡೆಯ ಕೀಗಳು ಅವನಿಗೆ, ಬಲಗಡೆಯವು ನನಗೆ. ಒಬ್ಬ ಪಟ್ಟು ಆರಿಸುವಾಗ ಇನ್ನೊಬ್ಬ ಗೋಡೆ ನೋಡಬೇಕು ಎಂಬುದು ಒಪ್ಪಂದ.

ನಾನು ಬ್ಲೂ ಆಡುತ್ತಿದ್ದೆ. ಅದರಲ್ಲಿ ಸಿಗುವ ಮಿಯೌಥ್ ಎಂಬ ಮರಿಯನ್ನು 28ನೇ ಲೆವೆಲ್‌ಗೆ ತಂದರೆ ಪರ್ಷಿಯನ್ ಆಗುತ್ತದೆ. ಬೆಕ್ಕು ಕಂಡರೆ ನನಗೆ ಇಷ್ಟ, ಅದಕ್ಕೇ ಸಾಕಿದೆ. 51ನೇ ಲೆವೆಲ್‌ನಲ್ಲಿ ಅದು ಸ್ಲ್ಯಾಶ್ ಕಲಿತ ಮೇಲೆ ಹಾಸ್ಟೆಲಿನಲ್ಲಿ ನನ್ನನ್ನು ತಡೆಯುವವರಿಲ್ಲ. ಗೆಳೆಯ ಟಾರೋಸ್ ತಂದ, ಸ್ನೋರ್ಲಾಕ್ಸ್ ತಂದ. ಬೆಕ್ಕು ಮೊದಲು ಹಾರಿ ಹೊಡೆಯುತ್ತಿತ್ತು, ಪ್ರತಿ ಸಲವೂ ಪರದೆಯ ಮೇಲೆ ಕ್ರಿಟಿಕಲ್ ಹಿಟ್ ಎಂದು ಬರುತ್ತಿತ್ತು. ನನ್ನ ಕೈಗುಣ ಚೆನ್ನಾಗಿದೆ ಎಂದು ಅವನು ಗೊಣಗುತ್ತಿದ್ದ. ನಾನೂ ಹಾಗೇ ನಂಬಿದ್ದೆ.

ಮರುವರ್ಷ ಅವನು ಗೋಲ್ಡ್ ಮತ್ತು ಸಿಲ್ವರ್ ತಂದ. ಸಿಲ್ವರ್‌ನಲ್ಲಿ ಮಿಯೌಥ್ ಸಿಗುತ್ತದೆ ಎಂದು ನಾನು ಅದನ್ನೇ ತೆಗೆದುಕೊಂಡೆ. ತಿಂಗಳುಗಟ್ಟಲೆ ಅದೇ ಬೆಕ್ಕನ್ನು ಅದೇ ರೀತಿ ಸಾಕಿದೆ. ಸ್ಲ್ಯಾಶ್ ಕಲಿಸಿದೆ. ಕಾಳಗಕ್ಕೆ ಬಿಟ್ಟೆ. ನಾಲ್ಕು ಹೊಡೆತ ಹೊಡೆದರೆ ಒಂದು ಕ್ರಿಟ್. ಸ್ನೋರ್ಲಾಕ್ಸ್ ಅಲ್ಲಾಡಲಿಲ್ಲ. ಸತತವಾಗಿ ಸೋತೆ. ನನ್ನ ಕೈಗುಣ ಹೋಯಿತು ಎಂದುಕೊಂಡು, ಪರೀಕ್ಷೆಯ ನೆಪ ಹೇಳಿ ಆಡುವುದನ್ನೇ ಬಿಟ್ಟೆ.

1999ರಲ್ಲಿ ಆದದ್ದು

ಗೋಲ್ಡ್ ಮತ್ತು ಸಿಲ್ವರ್ ಜಪಾನಿನಲ್ಲಿ 1999ರ ನವೆಂಬರ್ 21ರಂದು ಬಂದಿದ್ದವು. ಅವುಗಳಲ್ಲಿ ಕಾಳಗದ ಸೂತ್ರವನ್ನು ರಿಪೇರಿ ಮಾಡಿದ್ದರು. ವೇಗಕ್ಕೂ ಕ್ರಿಟ್‌ಗೂ ಇದ್ದ ಗಂಟು ಬಿಚ್ಚಿದ್ದರು. ಎಲ್ಲ ಪ್ರಾಣಿಗೂ ಮಾಮೂಲಿ ಹೊಡೆತದಲ್ಲಿ 256ರಲ್ಲಿ 17 ಅವಕಾಶ, ಸ್ಲ್ಯಾಶ್‌ನಂಥ ಪಟ್ಟಿಗೆ ನಾಲ್ಕರಲ್ಲಿ ಒಂದು. ಶೇಕಡಾ 99.6 ಇದ್ದದ್ದು ಒಂದೇ ಏಟಿಗೆ ಶೇಕಡಾ 25 ಆಯಿತು.

ಅದರ ಜೊತೆ ಉಳಿದದ್ದೂ ಬದಲಾಯಿತು. ಸ್ಟೀಲ್ ಎಂಬ ಹೊಸ ವರ್ಗ ಬಂತು, ನಾರ್ಮಲ್ ಪಟ್ಟುಗಳು ಅದರ ಮೇಲೆ ಅರ್ಧದಷ್ಟೇ ತಾಗುತ್ತವೆ. ಸ್ಕಾರ್ಮೊರಿಯಂಥ ಉಕ್ಕಿನ ಹಕ್ಕಿಯ ಮುಂದೆ ಬೆಕ್ಕಿನ ಉಗುರು ನಡೆಯುವುದಿಲ್ಲ. ಪ್ರಾಣಿಗಳು ವಸ್ತು ಹಿಡಿದುಕೊಳ್ಳುವ ಪದ್ಧತಿ ಬಂತು. ಲೆಫ್ಟೋವರ್ಸ್ ಹಿಡಿದ ಪ್ರಾಣಿಗೆ ಪ್ರತಿ ಸರದಿಯಲ್ಲೂ ಹದಿನಾರನೇ ಒಂದು ಭಾಗ ಜೀವ ಮರಳುತ್ತದೆ. ಕಾಳಗಗಳು ಉದ್ದವಾದವು. ಒಂದೇ ಏಟಿಗೆ ಕೆಡವುವವನಿಗಿಂತ ಹೊಡೆತ ತಿಂದು ಕೂರುವವನಿಗೆ ಬೆಲೆ ಬಂತು. ಆ ಪೀಳಿಗೆಯ ರಾಜ ಯಾರು ಎಂದು ಯಾವ ಹಳೆಯ ಆಟಗಾರನನ್ನು ಕೇಳಿದರೂ ಸ್ನೋರ್ಲಾಕ್ಸ್ ಎನ್ನುತ್ತಾನೆ. ಅದರ ವೇಗ ಮೊದಲೂ 30, ಆಮೇಲೂ 30.

ಬೆಕ್ಕಿನ ವೇಗವೂ ಮೊದಲಿನಂತೆ 115, ದಾಳಿ 70. ಅದರ ಮೈಯಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಅದರ ಗುಣಕ್ಕೆ ಎರಡನೇ ಸಂಬಳ ಕೊಡುತ್ತಿದ್ದ ನಿಯಮ ಹೋಗಿತ್ತು, ಅಷ್ಟೆ.

ಇದು ನನಗೆ ತಿಳಿದ ದಿನ

ಇದನ್ನೆಲ್ಲ ನಾನು ಓದಿ ತಿಳಿದದ್ದು 2017ರ ಸುಮಾರಿಗೆ, ಮನಸ್ಸು ಕೆಟ್ಟಿದ್ದ ಒಂದು ರಾತ್ರಿ. ಪುಣೆಗೆ ಬಂದ ಮೇಲೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಟು ವರ್ಷ ಮ್ಯಾನ್ಯುಯಲ್ ಟೆಸ್ಟಿಂಗ್ ಮಾಡಿದ್ದೆ. ದಿನಕ್ಕೆ ಎಷ್ಟು ಟೆಸ್ಟ್ ಕೇಸ್ ಮುಗಿಸಿದೆ ಎಂಬುದರ ಮೇಲೆ ನಮ್ಮ ಅಳತೆ. ತಂಡದಲ್ಲಿ ನನ್ನಷ್ಟು ಬೇಗ ಮುಗಿಸುವವರು ಇರಲಿಲ್ಲ, ವರ್ಷ ವರ್ಷವೂ ಒಳ್ಳೆಯ ರೇಟಿಂಗ್ ಬರುತ್ತಿತ್ತು. ಆಮೇಲೆ ಆಟೊಮೇಶನ್ ಬಂತು. ಅಳತೆ ಬದಲಾಯಿತು. ಎಷ್ಟು ಸ್ಕ್ರಿಪ್ಟ್ ಬರೆದೆ ಎಂದು ಕೇಳತೊಡಗಿದರು. ಎರಡು ವರ್ಷ ಸತತವಾಗಿ ರೇಟಿಂಗ್ ಕುಸಿಯಿತು. ವಯಸ್ಸಾಯಿತು, ನಿಧಾನವಾದೆ, ತಲೆ ಓಡುತ್ತಿಲ್ಲ ಎಂದು ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಂದು ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಏನೇನೋ ನೋಡುತ್ತಿದ್ದಾಗ ಈ ಕ್ರಿಟ್‌ನ ಸೂತ್ರ ಕಣ್ಣಿಗೆ ಬಿತ್ತು. ಹಾಸ್ಟೆಲಿನ ಕೈಗುಣದ ಲೆಕ್ಕ 57 ಎಂಟಲೆ 456 ಎಂದು ಅಲ್ಲಿ ಬರೆದಿತ್ತು. ನಗು ಬಂತು, ಸ್ವಲ್ಪ ಬೇಸರವೂ ಆಯಿತು. ಗೆದ್ದದ್ದು ನನ್ನ ಜಾಣತನವಾಗಿರಲಿಲ್ಲ. ಹಾಗೆಯೇ ಸೋತದ್ದು ನನ್ನ ದಡ್ಡತನವೂ ಆಗಿರಲಿಲ್ಲ. ಸೋತಾಗ ನಾನು ಮಾಡಬೇಕಿದ್ದದ್ದು ಹೊಸ ನಿಯಮ ಏನೆಂದು ನೋಡುವುದು. ಮಾಡಿದ್ದು ಆಟ ಬಿಡುವುದು. ಮರುದಿನದಿಂದ ಸ್ಕ್ರಿಪ್ಟ್ ಬರೆಯುವುದನ್ನು ಕಲಿಯಲು ಕೂತೆ. ಅದರಲ್ಲಿ ನಾನು ಮೊದಲಿನಷ್ಟು ಚುರುಕಾಗಲಿಲ್ಲ, ಆದರೆ ಕೆಲಸ ಉಳಿಯಿತು.

ಖೊಖೊ ಅಂಗಳದಲ್ಲಿ

ಈ ಮಾತು ಕಂಪ್ಯೂಟರ್ ಆಟಕ್ಕೆ ಮಾತ್ರ ಸಲ್ಲುವುದಲ್ಲ. ನಾನಿರುವ ಊರಿನಲ್ಲೇ ಇದಕ್ಕೆ ಹಳೆಯ ಉದಾಹರಣೆ ಇದೆ. ಖೊಖೊ ಆಟದ ನಿಯಮಗಳನ್ನು ಮೊದಲ ಬಾರಿಗೆ ಕ್ರಮವಾಗಿ ಬರೆದಿಟ್ಟದ್ದು ಪುಣೆಯ ಡೆಕ್ಕನ್ ಜಿಮಖಾನಾ, 1914ರಲ್ಲಿ. ನಮ್ಮ ಶಾಲೆಗಳಲ್ಲಿ ಆಡಿದವರಿಗೆಲ್ಲ ಗೊತ್ತು, ಬೆನ್ನಟ್ಟುವವನು ಒಂದು ದಿಕ್ಕಿಗೆ ತಿರುಗಿದ ಮೇಲೆ ಕಂಬ ಮುಟ್ಟುವವರೆಗೆ ಹಿಂದಕ್ಕೆ ಬರುವಂತಿಲ್ಲ, ಕೂತವರ ಸಾಲನ್ನು ನಡುವೆ ದಾಟುವಂತಿಲ್ಲ. ಓಡುವವನು ಮಾತ್ರ ಎಲ್ಲಿ ಬೇಕಾದರೂ ನುಸುಳಬಹುದು. ಅದಕ್ಕೇ ನೂರು ಮೀಟರ್ ಓಟದಲ್ಲಿ ಮೊದಲು ಬರುವ ಹುಡುಗ ಖೊಖೊದಲ್ಲಿ ಒಳ್ಳೆಯ ಬೆನ್ನಟ್ಟುವವನಾಗುತ್ತಾನೆ ಎಂದೇನಿಲ್ಲ. ಅಲ್ಲಿ ಬೆಲೆ ಇರುವುದು ಸರಿಯಾದ ಹೊತ್ತಿಗೆ ಖೊ ಕೊಡುವವನಿಗೆ.

2022ರಲ್ಲಿ ಅಲ್ಟಿಮೇಟ್ ಖೊಖೊ ಎಂಬ ಲೀಗ್ ಪುಣೆಯ ಬಾಲೇವಾಡಿ ಕ್ರೀಡಾಂಗಣದಲ್ಲಿ ಮೊದಲ ಬಾರಿ ನಡೆಯಿತು. ಅದರಲ್ಲಿ ವಜೀರ್ ಎಂಬ ಹೊಸ ದಾಳಿಗಾರನನ್ನು ತಂದರು. ವಜೀರ್‌ಗೆ ದಿಕ್ಕಿನ ಕಟ್ಟಿಲ್ಲ, ಯಾವ ಕಡೆಗೂ ಓಡಬಹುದು. ಆ ಒಂದು ಸಾಲಿನ ನಿಯಮದಿಂದ ಬರೀ ಕಾಲಿನ ವೇಗಕ್ಕೆ ಬೇರೆಯೇ ಬೆಲೆ ಬಂತು. ಶತಮಾನದ ಆಟದಲ್ಲಿ ಓಟಗಾರರು ಬದಲಾಗಿರಲಿಲ್ಲ.

ಆಮೇಲಿನ ಬೆಕ್ಕುಗಳು

ಪೋಕೆಮಾನ್ ತಯಾರಕರೂ ವೇಗದ ಬೆಲೆಯನ್ನು ಮತ್ತೆ ಮತ್ತೆ ಬದಲಿಸುತ್ತ ಬಂದರು. 2006ರಲ್ಲಿ ಬಂದ ಡೈಮಂಡ್ ಮತ್ತು ಪರ್ಲ್‌ನಲ್ಲಿ ಚಾಯ್ಸ್ ಸ್ಕಾರ್ಫ್ ಎಂಬ ಶಾಲು ಬಂತು. ಅದನ್ನು ಹೊದ್ದ ಪ್ರಾಣಿಯ ವೇಗ ಒಂದೂವರೆ ಪಟ್ಟು, ಆದರೆ ಆರಿಸಿದ ಒಂದೇ ಪಟ್ಟಿಗೆ ಅಂಟಿಕೊಳ್ಳಬೇಕು. ಎದುರಿನವನು ನಿಧಾನ ಎಂದುಕೊಂಡ ಪ್ರಾಣಿ ಇದ್ದಕ್ಕಿದ್ದಂತೆ ಮೊದಲು ಹೊಡೆಯತೊಡಗಿತು. ಅದೇ ಪೀಳಿಗೆಯಲ್ಲಿ ಟ್ರಿಕ್ ರೂಮ್ ಎಂಬ ಪಟ್ಟೂ ಬಂತು. ಅದನ್ನು ಹಾಕಿದರೆ ಕೆಲವು ಸರದಿಗಳವರೆಗೆ ಎಲ್ಲಕ್ಕಿಂತ ನಿಧಾನವಾದದ್ದೇ ಮೊದಲು ಹೊಡೆಯುತ್ತದೆ. ಬೆಕ್ಕಿಗೂ ಒಂದು ಸಮಾಧಾನ ಸಿಕ್ಕಿತು. ಟೆಕ್ನಿಷಿಯನ್ ಎಂಬ ಗುಣದಿಂದ, ಬಲ 60 ಅಥವಾ ಅದಕ್ಕಿಂತ ಕಡಿಮೆ ಇರುವ ಅದರ ಪಟ್ಟುಗಳು ಒಂದೂವರೆ ಪಟ್ಟು ಗಟ್ಟಿಯಾದವು. ಸ್ಲ್ಯಾಶ್‌ನ ಬಲ 70, ಆ ಲಾಭಕ್ಕೆ ಅದು ಸೇರಲಿಲ್ಲ.

ಯಾರೂ ಲೆಕ್ಕಕ್ಕೆ ಇಡದ ಪ್ರಾಣಿಯಿಂದ ಗೆದ್ದ ಅತಿ ದೊಡ್ಡ ಉದಾಹರಣೆ 2014ರದ್ದು. ವಾಷಿಂಗ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೊರಿಯಾದ ಪಾರ್ಕ್ ಸೆಜುನ್ ತನ್ನ ತಂಡದಲ್ಲಿ ಪಚಿರಿಸು ಎಂಬ ಪುಟ್ಟ ವಿದ್ಯುತ್ ಅಳಿಲನ್ನು ಇಟ್ಟುಕೊಂಡು ಬಂದರು. ಅದರ ದಾಳಿಯ ಅಂಕಿ 45, ಬೆಕ್ಕಿಗಿಂತಲೂ ಕಡಿಮೆ. ಅವರು ಅದನ್ನು ದಾಳಿಗೆ ಬಳಸಲಿಲ್ಲ. ಎದುರಾಳಿಯ ಹೊಡೆತಗಳನ್ನು ತನ್ನ ಕಡೆ ಸೆಳೆದುಕೊಳ್ಳುವ ಫಾಲೋ ಮೀ ಎಂಬ ಪಟ್ಟು ಕೊಟ್ಟು, ಪಕ್ಕದ ದೊಡ್ಡ ಪ್ರಾಣಿಯನ್ನು ಕಾಯಲು ಬಿಟ್ಟರು. ಫೈನಲ್‌ನಲ್ಲಿ ಅಮೆರಿಕದ ಜೂಡಿ ಅಜರೆಲ್ಲಿಯನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಮುದ್ದಾದ ಅಳಿಲು ಪ್ರೀತಿಯಿಂದ ಗೆದ್ದಿತು ಎಂದು ಜನ ಆಡಿಕೊಂಡರು. ಆ ವರ್ಷದ ಅಂಗಳದಲ್ಲಿ ಯಾವ ಹೊಡೆತಗಳು ಬರುತ್ತವೆ, ಅವುಗಳಲ್ಲಿ ಯಾವುದನ್ನು ಅಳಿಲು ತಡೆಯಬಲ್ಲದು ಎಂಬ ಲೆಕ್ಕ ಅವರು ಮಾಡಿದ್ದರು. ಪ್ರೀತಿ ಇದ್ದಿರಬಹುದು, ಲೆಕ್ಕವಂತೂ ಇತ್ತು.

ಅಕ್ಕನ ಮಗನಿಗೆ ನಾನು ಹೇಳಿದ್ದೂ ಇದನ್ನೇ. ಬೆಕ್ಕನ್ನು ಬಿಡಬೇಡ. ಆದರೆ ಛಲೋ ಅನಿಸ್ತು ಎಂಬಲ್ಲಿಗೆ ನಿಲ್ಲಿಸಬೇಡ, ಅದು ಯಾಕೆ ಹೊಡೆಯುತ್ತದೆ ಎಂದು ತಿಳಿದುಕೋ. ಕಾಗದ ತೆಗೆದು 57 ಎಂಟಲೆ ಬರೆದು ತೋರಿಸಿದೆ. ಗೆಂಗಾರ್‌ನಂಥ ಪಿಶಾಚಿಗೆ ನಾರ್ಮಲ್ ಪಟ್ಟು ತಾಗುವುದೇ ಇಲ್ಲ, ಅದಕ್ಕೆ ಥಂಡರ್‌ಬೋಲ್ಟ್ ಇಡು. ರೈಡಾನ್, ಗೋಲೆಮ್‌ಗಳ ಕಲ್ಲುಮೈಗೆ ಸ್ಲ್ಯಾಶ್ ಅರ್ಧದಷ್ಟೇ ತಾಗುತ್ತದೆ, ಆದರೆ ನೀರಿನ ಪಟ್ಟು ನಾಲ್ಕು ಪಟ್ಟು ತಾಗುತ್ತದೆ, ಅದಕ್ಕೆ ಬಬಲ್‌ಬೀಮ್ ಇಡು. ಮೊದಲೇ ಬೆಕ್ಕನ್ನು ಬಿಟ್ಟು ತೋರಿಸಬೇಡ. ಚಾನ್ಸಿ ರಿಫ್ಲೆಕ್ಟ್ ಹಾಕಿಕೊಂಡು ನಿಶ್ಚಿಂತೆಯಿಂದ ಕೂತ ಮೇಲೆ ತೆಗೆ.

ಅವನು ಕಾಗದವನ್ನು ಸ್ವಲ್ಪ ಹೊತ್ತು ನೋಡಿ, “ಅಂದ್ರ ಇದು ಈ ಆಟದಾಗ ಅಷ್ಟ ನಡೀತದ? ಮುಂದಿನದರಾಗ ಇಲ್ಲ?” ಎಂದ.

“ಇಲ್ಲ.”

“ಹಂಗಾದ್ರ ಮುಂದಿನದರಾಗ ಯಾವುದು?”

ಅವನು ಕೇಳಿದ ಪ್ರಶ್ನೆಯನ್ನು ಹುಬ್ಬಳ್ಳಿಯಲ್ಲಿ ನಾನು ಕೇಳಿರಲಿಲ್ಲ. ಎರಡನೇ ಪೀಳಿಗೆಯ ಪಟ್ಟಿ ತೆಗೆದು, ಸಂಜೆಯವರೆಗೆ ಇಬ್ಬರೂ ಕೂತು ನೋಡಿದೆವು.